ಊರು ಬಿಡದ ಪಾದ್ರಿಯ ಮನೆಗೆ ದಕ್ಷಿಣ ಧ್ರುವ ಬಂದದ್ದು

ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನಲ್ಲಿ ಸೆಲ್ಬೋರ್ನ್ ಎಂಬ ಹಳ್ಳಿಯಿದೆ. ಅಲ್ಲಿನ ‘ದಿ ವೇಕ್ಸ್’ ಎಂಬ ಮನೆ ಈಗ ವಸ್ತುಸಂಗ್ರಹಾಲಯ. ಒಂದಷ್ಟು ಕೋಣೆಗಳಲ್ಲಿ ಹದಿನೆಂಟನೇ ಶತಮಾನದ ಪಾದ್ರಿ ಗಿಲ್ಬರ್ಟ್ ವೈಟ್‌ನ ಹಕ್ಕಿ, ಎರೆಹುಳು, ತರಕಾರಿ ತೋಟದ ಲೋಕ. ಅದನ್ನು ದಾಟಿದರೆ ಅಂಟಾರ್ಕ್ಟಿಕಾದ ಹಿಮ, ಆಫ್ರಿಕಾದ ಜಾಂಬೆಜಿ ನದಿ. ನೋಡಲು ಬಂದವರು ತಬ್ಬಿಬ್ಬಾಗುವುದು ಇಲ್ಲೇ.

1720ರಲ್ಲಿ ಹುಟ್ಟಿದ ವೈಟ್ ಬದುಕಿನ ಬಹುಭಾಗವನ್ನು ಈ ಊರಲ್ಲೇ ಕಳೆದ. ಗಾಡಿ ಪ್ರಯಾಣ ಅವನ ಮೈಗೆ ಆಗುತ್ತಿರಲಿಲ್ಲ. ಸತ್ತ ಹಕ್ಕಿಯನ್ನು ಮೇಜಿನ ಮೇಲಿಟ್ಟು ಅಳೆಯುವುದೇ ವಿಜ್ಞಾನವಾಗಿದ್ದ ಕಾಲದಲ್ಲಿ ಅವನು ಬೇಲಿ ಪಕ್ಕ ನಿಂತು ಕಿವಿಗೊಟ್ಟ. ನೋಡಲು ಒಂದೇ ಥರ ಇದ್ದ ಉಲಿಯಕ್ಕಿಗಳು (ವಾರ್ಬ್ಲರ್ ಎಂಬ ಪುಟ್ಟ ಹಾಡುಹಕ್ಕಿಗಳು) ಮೂರು ಬೇರೆ ಬೇರೆ ಜಾತಿಯವು ಎಂದು ಹಾಡಿನಿಂದಲೇ ಗುರುತಿಸಿದ. ಎರೆಹುಳು ಇಲ್ಲದಿದ್ದರೆ ನೆಲ ಗಟ್ಟಿಯಾಗಿ ಬಂಜೆಯಾಗುತ್ತದೆ ಎಂದು 1777ರಲ್ಲೇ ಗೆಳೆಯನಿಗೆ ಬರೆದ. ಡಾರ್ವಿನ್ ಎರೆಹುಳುಗಳ ಮೇಲೆ ಪುಸ್ತಕ ತಂದದ್ದು 1881ರಲ್ಲಿ. ಎಲ್ಲವೂ ಸರಿಯಾಗಿತ್ತು ಎಂದಲ್ಲ. ಕವಲುತೋಕೆ (ಸ್ವಾಲೋ) ಹಕ್ಕಿಗಳು ಚಳಿಗಾಲದಲ್ಲಿ ಎಲ್ಲೋ ಅಡಗಿ ನಿದ್ದೆ ಮಾಡುತ್ತವೆ ಎಂಬ ಅನುಮಾನ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಅತ್ತೆಯಿಂದ ಬಂದ ಟಿಮೊಥಿ ಎಂಬ ಆಮೆಯನ್ನು ತೂಗಿ ತೂಗಿ ಬರೆದಿಟ್ಟ, ಅದಕ್ಕೆ ಕಿವಿ ಕೇಳುತ್ತದೆಯೇ ಎಂದು ಕೊಳವೆಯಲ್ಲಿ ಕೂಗಿಯೂ ನೋಡಿದ. ಗೆಳೆಯರಿಗೆ ಬರೆದ ಇಂಥ ಪತ್ರಗಳೇ 1789ರ ಅವನ ‘ನ್ಯಾಚುರಲ್ ಹಿಸ್ಟರಿ ಆಫ್ ಸೆಲ್ಬೋರ್ನ್’ ಪುಸ್ತಕವಾದವು.

ವೈಟ್ 1793ರಲ್ಲಿ ತೀರಿಕೊಂಡ. ಮುಂದೆ ಮನೆ ಪ್ರಾಣಿಶಾಸ್ತ್ರಜ್ಞ ಥಾಮಸ್ ಬೆಲ್ ಕೈಗೆ ಬಂತು. ಈ ಬೆಲ್‌ನದೂ ಒಂದು ಕಥೆಯೇ. ಡಾರ್ವಿನ್ ಮತ್ತು ವಾಲೇಸ್‌ರ ವಿಕಾಸವಾದದ ಪ್ರಬಂಧಗಳನ್ನು 1858ರಲ್ಲಿ ಓದಿದ ಲಿನ್ನಿಯನ್ ಸೊಸೈಟಿ ಎಂಬ ನಿಸರ್ಗ ವಿಜ್ಞಾನಿಗಳ ಸಂಘಕ್ಕೆ ಆಗ ಇವನೇ ಅಧ್ಯಕ್ಷ. ಆ ವರ್ಷ ಕ್ರಾಂತಿಕಾರಿ ಎನ್ನುವಂಥ ಶೋಧವೇನೂ ನಡೆಯಲಿಲ್ಲ ಎಂದು ವರದಿ ಒಪ್ಪಿಸಿದ ಪುಣ್ಯಾತ್ಮ! ವೈಟ್‌ನ ಮನೆಯನ್ನಂತೂ ಅವನು ಭಕ್ತಿಯಿಂದಲೇ ಕಾಪಾಡಿದ.

ಇಪ್ಪತ್ತನೇ ಶತಮಾನದ ನಡುವಿನಲ್ಲಿ ಮನೆ ಮಾರಾಟಕ್ಕೆ ಬಂತು. ಅಭಿಮಾನಿಗಳು ಚಂದಾ ಎತ್ತಿದರು, ಸಾಲಲಿಲ್ಲ. ಆಗ ಕೈಹಿಡಿದವನು ರಾಬರ್ಟ್ ವಾಷಿಂಗ್ಟನ್ ಓಟ್ಸ್. ತನ್ನ ವಂಶದ ಸಾಹಸಿಗಳಿಗೊಂದು ಸ್ಮಾರಕ ಬೇಕು ಎಂಬುದು ಅವನ ಆಸೆ. ಬ್ರಿಟಿಷ್ ಅನ್ವೇಷಕ ಸ್ಕಾಟ್‌ನ ತಂಡದೊಂದಿಗೆ ದಕ್ಷಿಣ ಧ್ರುವ ಮುಟ್ಟಿ, ಮರಳುವ ದಾರಿಯಲ್ಲಿ ಕಾಲು ಹಿಮಕ್ಕೆ ಕೊಳೆತಾಗ ಜೊತೆಗಾರರಿಗೆ ಹೊರೆಯಾಗಬಾರದೆಂದು 1912ರ ಮಾರ್ಚ್‌ನಲ್ಲಿ ಡೇರೆಯಿಂದ ಹಿಮಗಾಳಿಗೆ ನಡೆದುಹೋದ ಲಾರೆನ್ಸ್ ಓಟ್ಸ್ ಅವರಲ್ಲೊಬ್ಬ. ಅವನ ದೇಹ ಸಿಗಲೇ ಇಲ್ಲ. ಇನ್ನೊಬ್ಬ, ಚಿಕ್ಕ ವಯಸ್ಸಿನಲ್ಲೇ 1875ರಲ್ಲಿ ಆಫ್ರಿಕಾದಲ್ಲಿ ಜ್ವರದಿಂದ ಸತ್ತ ಫ್ರಾಂಕ್ ಓಟ್ಸ್. ಇಬ್ಬರಿಗೂ ಸೆಲ್ಬೋರ್ನ್‌ಗೂ ಸಂಬಂಧವೇ ಇಲ್ಲ. ಆದರೂ ಓಟ್ಸ್ ಕುಟುಂಬದ ದುಡ್ಡಿನಿಂದ 1955ರಲ್ಲಿ ಬಾಗಿಲು ತೆರೆದ ಮನೆಯಲ್ಲಿ ಅವರಿಗೂ ಜಾಗವಾಯಿತು.

ಇದನ್ನು ಬರೀ ಹಣದ ಒಪ್ಪಂದ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಫ್ರಾಂಕ್ ಹೋದಲ್ಲೆಲ್ಲ ಹಕ್ಕಿ, ಹಾವು ಸಂಗ್ರಹಿಸುತ್ತಿದ್ದ. ಬಳ್ಳಿಯಂತೆ ತೆಳ್ಳಗಿನ ಆಫ್ರಿಕಾದ ಒಂದು ಮರಹಾವಿಗೆ ಅವನ ಹೆಸರೇ ಇದೆ. ವೈಟ್ ಕಂಡಿದ್ದರೆ ಕುರ್ಚಿ ಎಳೆದುಕೊಂಡು ಮಾತಿಗೆ ಕೂರುತ್ತಿದ್ದನೇನೋ.

ಟಿಮೊಥಿಯ ಚಿಪ್ಪು ಮಾತ್ರ ಲಂಡನ್ನಿನ ನಿಸರ್ಗ ಇತಿಹಾಸ ಸಂಗ್ರಹಾಲಯ ಸೇರಿದೆ. ಅದನ್ನು ಪರೀಕ್ಷಿಸಿದ ಮೇಲೆ ಗೊತ್ತಾಯಿತು, ವೈಟ್ ಗಂಡೆಂದೇ ತಿಳಿದಿದ್ದ ಆ ಆಮೆ ಹೆಣ್ಣು.