ಶಾಫ್ಟ್ ಹುಟ್ಟಲಿಲ್ಲ, ಸುತ್ತಿಗೆ ಹುಟ್ಟಿತು

ಹಡಗಿಗೆ ದೊಡ್ಡ ಉಗಿ ಎಂಜಿನ್ ಕಟ್ಟುವುದೆಂದರೆ ಉಗಿಯ ಕಷ್ಟಕ್ಕಿಂತ ಕಬ್ಬಿಣದ ಕಷ್ಟವೇ ಹೆಚ್ಚು. 1839ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ‘ಗ್ರೇಟ್ ಬ್ರಿಟನ್’ ಹಡಗಿನ ಕೆಲಸ ಶುರುವಾದಾಗ ಇದು ಚೆನ್ನಾಗಿ ಗೊತ್ತಾಯಿತು. 322 ಅಡಿ ಉದ್ದದ ಕಬ್ಬಿಣದ ಹಡಗು; ಅದರ ರೂವಾರಿ ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್. ಮೊದಲ ಯೋಜನೆಯಂತೆ ಎರಡೂ ಪಕ್ಕದಲ್ಲಿ ನೀರು ತಳ್ಳುವ ದೊಡ್ಡ ಚಕ್ರಗಳು ಇರಬೇಕಿತ್ತು. ಎಂಜಿನ್ ವಿನ್ಯಾಸ ಫ್ರಾನ್ಸಿಸ್ ಹಂಫ್ರಿಸ್‌ನ ಪಾಲಿಗೆ ಬಂತು.

ಸಿಲಿಂಡರಿಗೆ ದಾರಿ ಇತ್ತು. ಬೀಡು ಕಬ್ಬಿಣ ಎರಕ ಹೊಯ್ದು, ಒಳಮೈಯನ್ನು ಗುಂಡಗೆ ಕೊರೆಯುವ ಯಂತ್ರವನ್ನು ಜಾನ್ ವಿಲ್ಕಿನ್ಸನ್ 1770ರ ದಶಕದಲ್ಲೇ ಮಾಡಿಟ್ಟಿದ್ದ. ಹಂಫ್ರಿಸ್ ಸಿಕ್ಕಿಕೊಂಡದ್ದು ಚಕ್ರಗಳನ್ನು ತಿರುಗಿಸುವ ಶಾಫ್ಟಿನಲ್ಲಿ. ಸುಮಾರು 30 ಇಂಚು ದಪ್ಪದ ಆ ಶಾಫ್ಟನ್ನು ಮಾಡಿಕೊಡುತ್ತೇವೆ ಎನ್ನುವ ಒಂದು ಕುಲುಮೆಯೂ ಅವನಿಗೆ ಸಿಗಲಿಲ್ಲ.

ಏಕೆ? ಅಷ್ಟು ದಪ್ಪದ ಮೆದುಕಬ್ಬಿಣದ ತುಂಡು ಒಮ್ಮೆಲೇ ತಯಾರಾಗುತ್ತಿರಲಿಲ್ಲ. ಸರಳುಗಳನ್ನು ಕಂತೆ ಕಟ್ಟಿ, ಬೆಳ್ಳಗೆ ಕಾಯಿಸಿ, ಬಡಿದು ಬೆಸೆಯಬೇಕಿತ್ತು. ಏಟು ನಡುವಿನವರೆಗೆ ಮುಟ್ಟದಿದ್ದರೆ ಹೊರಗೆ ಗಟ್ಟಿ, ಒಳಗೆ ಬಿಡಿಬಿಡಿ. ಆಗಿನ ಯಂತ್ರಸುತ್ತಿಗೆಯಾದರೋ ಒಂದು ಉದ್ದ ತೊಲೆ. ಚಕ್ರವೊಂದು ಅದನ್ನು ಸ್ವಲ್ಪ ಎತ್ತಿ ಕೈಬಿಡುತ್ತಿತ್ತು, ಅಷ್ಟೆ. ಅಡೆಗಲ್ಲಿನ ಮೇಲೆ ದಪ್ಪ ತುಂಡು ಇಟ್ಟಷ್ಟೂ ಸುತ್ತಿಗೆ ಬೀಳಲು ಜಾಗ ಕಡಿಮೆ. ಅತಿ ಜೋರಾದ ಏಟು ಬೇಕಾದ ಕಡೆಗೇ ಅತಿ ಸಣ್ಣ ಏಟು!

ಹಂಫ್ರಿಸ್ ಮ್ಯಾಂಚೆಸ್ಟರ್ ಬಳಿಯ ಯಂತ್ರ ತಯಾರಕ ಜೇಮ್ಸ್ ನಾಸ್ಮಿತ್‌ಗೆ ಪತ್ರ ಬರೆದ. ನಾಸ್ಮಿತ್‌ನ ಟಿಪ್ಪಣಿ ಪುಸ್ತಕದಲ್ಲಿ 1839ರ ನವೆಂಬರ್ 24ರ ತಾರೀಕಿನಡಿ ಒಂದು ಚಿತ್ರವಿದೆ: ಅಡೆಗಲ್ಲಿನ ನೇರ ಮೇಲೆ ತಲೆಕೆಳಗಾಗಿ ನಿಂತ ಸಿಲಿಂಡರ್, ಅದರ ಪಿಸ್ಟನ್ ಕಂಬಿಗೆ ತೂಗುಬಿದ್ದ ಕಬ್ಬಿಣದ ದಿಮ್ಮಿ. ಉಗಿ ದಿಮ್ಮಿಯನ್ನು ಎತ್ತುತ್ತದೆ, ಉಗಿ ಹೊರಬಿಟ್ಟರೆ ದಿಮ್ಮಿ ಬೀಳುತ್ತದೆ. ಬೇಕಾದಷ್ಟು ಎತ್ತರ, ಬೇಕಾದಷ್ಟು ಜೋರು. ಅರ್ಧ ಗಂಟೆಯೊಳಗೆ ಬಿಡಿಸಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಆತ್ಮಕಥೆಗಳಲ್ಲಿ ಇಂಥ ಅರ್ಧ ಗಂಟೆಗಳು ಬಹಳ ಸಿಗುತ್ತವೆ, ಇರಲಿ.

ಅಷ್ಟರಲ್ಲಿ, 1840ರಲ್ಲಿ, ‘ಆರ್ಕಿಮಿಡೀಸ್’ ಎಂಬ ಸಣ್ಣ ಹಡಗು ಬ್ರಿಸ್ಟಲ್‌ಗೆ ಬಂತು. ಅದಕ್ಕೆ ಪಕ್ಕದ ಚಕ್ರಗಳಿರಲಿಲ್ಲ, ಹಿಂದೆ ನೀರೊಳಗೆ ತಿರುಗುವ ಪ್ರೊಪೆಲರ್ ಇತ್ತು. ಬ್ರುನೆಲ್ ಅದನ್ನು ಪರೀಕ್ಷಿಸಿ ನೋಡಿ, ತನ್ನ ಹಡಗಿಗೂ ಪ್ರೊಪೆಲರೇ ಸರಿ ಎಂದು ಕಂಪನಿಯನ್ನು ಒಪ್ಪಿಸಿದ. ಹಳೆಯ ಎಂಜಿನ್ ಯೋಜನೆ ಮೂಲೆಗೆ ಬಿತ್ತು, ಆ ಶಾಫ್ಟನ್ನು ಯಾರೂ ಬಡಿಯಲಿಲ್ಲ. ಹಂಫ್ರಿಸ್ ಸ್ವಲ್ಪದರಲ್ಲೇ ತೀರಿಕೊಂಡ. ಸುತ್ತಿಗೆ ಮಾತ್ರ ಫ್ರಾನ್ಸಿನ ಲ ಕ್ರೂಸೋ ಕಾರ್ಖಾನೆಯಲ್ಲಿ ಎದ್ದು ನಿಂತಿತು. ತಾನಿಲ್ಲದಾಗ ಬಂದ ಅಲ್ಲಿನವರು ತನ್ನ ಪುಸ್ತಕ ನೋಡಿ ಹೋಗಿದ್ದರು ಎಂಬುದು ನಾಸ್ಮಿತ್‌ನ ವಾದ. 1842ರಲ್ಲಿ ಅಲ್ಲಿ ತನ್ನದೇ ಸುತ್ತಿಗೆ ಕೆಲಸ ಮಾಡುವುದನ್ನು ಕಂಡು, ಬೇಗ ಬೇಗ ಪೇಟೆಂಟ್ ಮಾಡಿಸಿಕೊಂಡ.

ಬ್ರುನೆಲ್ ಕೊನೆಗೆ ತನ್ನ ತಂದೆ ಮಾರ್ಕ್ ಬ್ರುನೆಲ್‌ನ ಎಂಜಿನ್ ಪೇಟೆಂಟನ್ನೇ ತಿದ್ದಿ ಬಳಸಿದ. ಹಡಗಿನ ತಳದಲ್ಲಿ ಎರಡೂ ಬದಿಯಿಂದ ಓರೆಯಾಗಿ ಮೇಲಕ್ಕೆ ಮುಖ ಮಾಡಿದ ನಾಲ್ಕು ಸಿಲಿಂಡರ್‌ಗಳು, ಅವು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಮೇಲ್ಗಡೆ. ಒಂದೊಂದು ಸಿಲಿಂಡರಿನ ಒಳ ಅಡ್ಡಳತೆ 88 ಇಂಚು, ಪಿಸ್ಟನ್ ಓಡಾಟ 6 ಅಡಿ. ಎಂಜಿನ್‌ಗಳ ಒಟ್ಟು ತೂಕ 340 ಟನ್, ಶಕ್ತಿ ಸುಮಾರು 1,000 ಅಶ್ವಶಕ್ತಿ. ಕ್ರ್ಯಾಂಕ್‌ಶಾಫ್ಟ್ ನಿಮಿಷಕ್ಕೆ ಬರೀ 18 ಸುತ್ತು ತಿರುಗುತ್ತಿತ್ತು, ಪ್ರೊಪೆಲರಿಗೆ ಬೇಕಾದದ್ದು ಅದರ ಮೂರರಷ್ಟು. ನಡುವೆ ದೈತ್ಯ ಸರಪಳಿಗಳನ್ನು ಹಾಕಿ ವೇಗ ಏರಿಸಿದರು.

ಇಷ್ಟು ಅಗಲದ ಸಿಲಿಂಡರ್ ಏಕೆ ಬೇಕಾಯಿತು? ಉಗಿ ಅಷ್ಟು ದುರ್ಬಲವಾಗಿತ್ತು. ಬಾಯ್ಲರಿನ ಒತ್ತಡ ಚದರ ಇಂಚಿಗೆ ಸುಮಾರು 5 ಪೌಂಡ್, ಅಂದರೆ ವಾತಾವರಣದ ಒತ್ತಡದ ಮೇಲೆ ಅದರ ಮೂರನೆಯ ಒಂದು ಭಾಗ. ನಿಜವಾದ ಬಲ ಬರುತ್ತಿದ್ದದ್ದು ಪಿಸ್ಟನ್ನಿನ ಇನ್ನೊಂದು ಬದಿ ಖಾಲಿಯಾಗುವುದರಿಂದ. ಬಳಸಿದ ಉಗಿ ಕಂಡೆನ್ಸರಿನಲ್ಲಿ ತಣ್ಣೀರಿಗೆ ಸಿಕ್ಕಿ ಮತ್ತೆ ನೀರಾಗುತ್ತಿತ್ತು, ಆ ಬದಿಯಲ್ಲಿ ಬಹುಪಾಲು ನಿರ್ವಾತ ಉಳಿಯುತ್ತಿತ್ತು. 88 ಇಂಚಿನ ಪಿಸ್ಟನ್ ಮೇಲೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಭಾರ ಬಿದ್ದರೆ ಒಟ್ಟು ಸುಮಾರು 40 ಟನ್. ಒತ್ತಡ ಕಡಿಮೆಯಾದರೆ ಅಗಲ ಹೆಚ್ಚಿಸಿ ಸರಿದೂಗಿಸುವುದು, ಲೆಕ್ಕ ಇಷ್ಟೇ.

ಒತ್ತಡ ಏರಿಸದಿದ್ದದ್ದಕ್ಕೆ ಕಾರಣ ಸಮುದ್ರ. ಕಂಡೆನ್ಸರಿನ ತಣ್ಣೀರು ಉಪ್ಪುನೀರೇ. ಅದು ಉಗಿಯ ನೀರಿನೊಂದಿಗೆ ಬೆರೆತು ಬಾಯ್ಲರಿಗೆ ಹೋಗುತ್ತಿತ್ತು. ಕೊಳವೆಬಾವಿ ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಪದರ ಅಲ್ಲಿಯೂ ಕಟ್ಟುತ್ತಿತ್ತು. ಒತ್ತಡ ಏರಿದರೆ ಕುದಿಯುವ ಬಿಸಿಯೂ ಏರಿ, ಪದರ ಇನ್ನೂ ಬೇಗ ಬೆಳೆಯುತ್ತದೆ. ಅದರ ಹಿಂದಿನ ಲೋಹದ ತಗಡು ಅತಿಯಾಗಿ ಕಾದು ಮೆತ್ತಗಾಗುತ್ತದೆ. ಉಗಿಯನ್ನು ಸಮುದ್ರದ ನೀರಿಗೆ ಬೆರೆಸದೆ, ತಣ್ಣನೆಯ ಕೊಳವೆಗಳಿಗೆ ತಾಗಿಸಿ ನೀರಾಗಿಸುವ ಪದ್ಧತಿ ಬಳಕೆಗೆ ಬಂದ ಮೇಲೆಯೇ ಅದೇ ಸಿಹಿನೀರು ಮತ್ತೆ ಮತ್ತೆ ಬಾಯ್ಲರಿಗೆ ಮರಳುವಂತಾಯಿತು, ಒತ್ತಡವೂ ಏರತೊಡಗಿತು.

‘ಗ್ರೇಟ್ ಬ್ರಿಟನ್’ ಹಡಗಿನ ಆ ಮೊದಲ ಎಂಜಿನ್ ಹೆಚ್ಚು ಕಾಲ ಬಾಳಲಿಲ್ಲ. 1846ರಲ್ಲಿ ಹಡಗು ಐರ್ಲೆಂಡಿನ ತೀರದಲ್ಲಿ ಮರಳಿಗೆ ಸಿಕ್ಕಿಕೊಂಡಿತು. ಆಮೇಲೆ 1852ರ ಹೊತ್ತಿಗೆ ಹೊಸ ಎಂಜಿನ್, ಸರಪಳಿಯ ಬದಲು ಹಲ್ಲುಚಕ್ರ. 1857ರ ದಂಗೆಯ ಸಮಯದಲ್ಲಿ ಬ್ರಿಟಿಷ್ ಸೈನಿಕರನ್ನು ಮುಂಬಯಿಗೆ ಹೊತ್ತು ತಂದದ್ದು ಈ ಎಂಜಿನ್ನಿನ ಬಲದಿಂದಲೇ.

ನೂರು ವರ್ಷ ದಾಟಿ ಎರಡನೆಯ ಮಹಾಯುದ್ಧಕ್ಕೆ ಬಂದರೆ, ಅಮೆರಿಕ ಸಾಲುಸಾಲಾಗಿ ಕಟ್ಟಿದ ಲಿಬರ್ಟಿ ಹಡಗುಗಳ ಎಂಜಿನ್ 2,500 ಅಶ್ವಶಕ್ತಿಯದು, ತೂಕ ಸುಮಾರು 135 ಟನ್. ಬಾಯ್ಲರಿನ ಒತ್ತಡ 220 ಪೌಂಡ್. ಉಗಿ ಮೊದಲು ಹೊಗುವ ಸಿಲಿಂಡರಿನ ಅಗಲ 24½ ಇಂಚು ಸಾಕಾಯಿತು, ಎರಡನೆಯದು 37. ಮೂರನೆಯದು ಮಾತ್ರ 70 ಇಂಚು. ಅಲ್ಲಿಗೆ ಬರುವ ಹೊತ್ತಿಗೆ ಉಗಿ ಹಿಗ್ಗಿ ಸುಸ್ತಾಗಿ, ಬ್ರುನೆಲ್‌ನ ಬಾಯ್ಲರಿನ ಉಗಿಯಂತೆಯೇ ಬಡವಾಗಿರುತ್ತಿತ್ತು.