ಮಿದುಳು ಉಣ್ಣುವ ಲ್ಯಾಕ್ಟೇಟ್

ಜಿಮ್‌ಗೆ ಸೇರಿದ ಮರುದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗದೆ ಒದ್ದಾಡುವವರಿಗೆಲ್ಲ ಸಿಗುವ ವಿವರಣೆ ಒಂದೇ: "ಲ್ಯಾಕ್ಟಿಕ್ ಆಸಿಡ್ ಕೂತಿದೆ, ಮಸಾಜ್ ಮಾಡಿಸಿ, ಹೋಗುತ್ತೆ." ಇದು ಶುದ್ಧ ತಪ್ಪು. ವ್ಯಾಯಾಮ ನಿಂತು ಸುಮಾರು ಒಂದು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ (ದೇಹದೊಳಗೆ ಆ ಆಸಿಡ್ ಇರುವ ರೂಪ) ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಮರುದಿನದ ನೋವಿಗೆ ಕಾರಣ ರೂಢಿಯಿಲ್ಲದ ಸ್ನಾಯುವಿನ ಎಳೆಗಳಿಗೆ ಬಿದ್ದ ಸೂಕ್ಷ್ಮ ಪೆಟ್ಟು. ಹಾಗಾದರೆ ಅಷ್ಟೊಂದು ಲ್ಯಾಕ್ಟೇಟ್ ಹೋದದ್ದೆಲ್ಲಿಗೆ? ಸ್ನಾಯುಗಳು, ಹೃದಯ ಒಂದಿಷ್ಟು ಉರಿಸಿಕೊಂಡವು, ಯಕೃತ್ತು ಒಂದಿಷ್ಟನ್ನು ಮರಳಿ ಗ್ಲೂಕೋಸ್ ಮಾಡಿತು. ಇನ್ನೊಂದು ಪಾಲನ್ನು ಮಿದುಳು ಉಂಡಿತು.

ಈ ಕೆಟ್ಟ ಹೆಸರಿಗೆ ಹಳೆಯ ಇತಿಹಾಸವಿದೆ. ಮೊಸರಿಗೆ ಹುಳಿ ಕೊಡುವ ಇದೇ ಆಮ್ಲವನ್ನು 1780ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಷೀಲೆ ಹುಳಿತ ಹಾಲಿನಿಂದ ಬೇರ್ಪಡಿಸಿದ. 1907ರಲ್ಲಿ ಕೇಂಬ್ರಿಡ್ಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್, ಕಪ್ಪೆಯಿಂದ ಕತ್ತರಿಸಿ ತೆಗೆದ ಸ್ನಾಯು ದಣಿದಂತೆಲ್ಲ ಅದರಲ್ಲಿ ಈ ಆಮ್ಲ ಶೇಖರವಾಗುವುದನ್ನು ತೋರಿಸಿದರು. ಆಯಾಸಕ್ಕೆ ಇದೇ ಕಾರಣ ಎಂಬ ನಂಬಿಕೆ ಬೇರೂರಿತು. ಆದರೆ ಆ ಸ್ನಾಯುವಿಗೆ ರಕ್ತಸಂಚಾರವೇ ಇರಲಿಲ್ಲ! ಹುಟ್ಟಿದ ಲ್ಯಾಕ್ಟೇಟ್ ಹೋಗುವುದಾದರೂ ಎಲ್ಲಿಗೆ? ಅದು ಒಂದು ಅಂಗದಿಂದ ಇನ್ನೊಂದಕ್ಕೆ ಸಾಗುವ ಇಂಧನ ಎಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿ ಜಾರ್ಜ್ ಬ್ರೂಕ್ಸ್ ವಾದಿಸಿದ್ದು 1980ರ ದಶಕದಲ್ಲಿ.

ದೇಹತೂಕದ ಶೇ. 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯ ಸುಮಾರು ಶೇ. 20ನ್ನು ಕಬಳಿಸುತ್ತದೆ. ಆಗ ಅದರ ಆಹಾರ ಬಹುಪಾಲು ಗ್ಲೂಕೋಸ್. ಏದುಸಿರು ಬಿಡುವಂತೆ ಓಡಿದಾಗ ರಕ್ತದ ಲ್ಯಾಕ್ಟೇಟ್ ಲೀಟರಿಗೆ 1 ಮಿಲಿಮೋಲ್ ಆಸುಪಾಸಿನಿಂದ 10ನ್ನೂ ದಾಟಬಲ್ಲದು. ರಕ್ತನಾಳದ ಗೋಡೆಯಲ್ಲೂ ನರಕೋಶದ ಪೊರೆಯಲ್ಲೂ ಅದಕ್ಕೆಂದೇ ಸಾಗಣೆ ಪ್ರೋಟೀನುಗಳಿವೆ. ರಕ್ತದಲ್ಲಿ ಹೆಚ್ಚಾದಷ್ಟೂ ಒಳಕ್ಕೆ ಹೆಚ್ಚು ದಾಟುತ್ತದೆ. ಗ್ಲೂಕೋಸ್ ರಾಗಿ ಕಾಳಾದರೆ ಲ್ಯಾಕ್ಟೇಟ್ ಬೀಸಿಟ್ಟ ಹಿಟ್ಟು. ಗ್ಲೂಕೋಸನ್ನು ಒಡೆಯುವ ಹತ್ತು ಹಂತಗಳನ್ನು ಸ್ನಾಯು ಆಗಲೇ ಮುಗಿಸಿ ಕಳಿಸಿದೆ. ನರಕೋಶದ ಒಂದು ಕಿಣ್ವ ಅದನ್ನು ಪೈರುವೇಟ್ ಎಂಬ ವಸ್ತುವಾಗಿ ಮಾಡಿದರೆ ಸಾಕು, ನೇರ ಕೋಶದ ಶಕ್ತಿ ಉತ್ಪಾದನಾ ಘಟಕವಾದ ಮೈಟೊಕಾಂಡ್ರಿಯಕ್ಕೆ.

ಇದನ್ನು ಅಳೆದೂ ನೋಡಿದ್ದಾರೆ. ತೋಳಿನ ಧಮನಿಗೊಂದು, ಮಿದುಳಿನಿಂದ ಇಳಿದು ಬರುವ ಕತ್ತಿನ ರಕ್ತನಾಳಕ್ಕೊಂದು ಸಪೂರ ನಳಿಕೆ ಇಟ್ಟು, ಸುಸ್ತಾಗುವವರೆಗೆ ವ್ಯಾಯಾಮ ಮಾಡಿಸುತ್ತಾರೆ. ಮರಳಿ ಬರುವ ರಕ್ತದಲ್ಲಿ ಲ್ಯಾಕ್ಟೇಟ್ ಕಡಿಮೆ ಇರುತ್ತದೆ. ಕಡಿಮೆಯಾದದ್ದು ಮಿದುಳು ಇಟ್ಟುಕೊಂಡ ಪಾಲು. ಫಿನ್ಲೆಂಡಿನ ಟುರ್ಕುವಿನಲ್ಲಿ ಸೈಕಲ್ ತುಳಿಸಿ, ಮಿದುಳು ಎಷ್ಟು ಗ್ಲೂಕೋಸ್ ಹೀರುತ್ತದೆಂದು ತೋರಿಸುವ ಪೆಟ್ ಸ್ಕ್ಯಾನ್ ಮಾಡಿದವರು 2005ರಲ್ಲಿ ಪ್ರಕಟಿಸಿದ ಫಲಿತಾಂಶವಂತೂ ನನಗೆ ಅತ್ಯಂತ ಪ್ರಿಯ: ವ್ಯಾಯಾಮದ ತೀವ್ರತೆ ಏರಿದಾಗ ಮಿದುಳು ಗ್ಲೂಕೋಸ್ ಹೀರುವುದು ಇಳಿದಿತ್ತು!

ಇಷ್ಟು ಓದಿ ಖಾಲಿ ಹೊಟ್ಟೆಯಲ್ಲಿ ಮ್ಯಾರಥಾನ್‌ಗೆ ಹೊರಡಬೇಡಿ. ಹದವಾದ ವೇಗದ ದೀರ್ಘ ಓಟದಲ್ಲಿ ಲ್ಯಾಕ್ಟೇಟ್ ಅಷ್ಟೊಂದು ಏರುವುದಿಲ್ಲ, ಯಕೃತ್ತಿನ ಗ್ಲೂಕೋಸ್ ದಾಸ್ತಾನು ಮಾತ್ರ ಕರಗುತ್ತಾ ಹೋಗುತ್ತದೆ. 1924ರ ಬೋಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತ ಪರೀಕ್ಷಿಸಿದ ವೈದ್ಯರಿಗೆ, ಬಿಳಿಚಿಕೊಂಡು ಗೊಂದಲಗೊಂಡಿದ್ದವರಲ್ಲಿ ಸಕ್ಕರೆ ತೀರಾ ಇಳಿದಿದ್ದು ಕಂಡಿತು. ಮರುವರ್ಷ ಓಟಗಾರರಿಗೆ ದಾರಿಯಲ್ಲಿ ಮಿಠಾಯಿ ತಿನ್ನಿಸಿದರು. ಆ ಲಕ್ಷಣಗಳು ಕಾಣಿಸಲಿಲ್ಲ.