ಸಿನಿಮಾಕ್ಕೆ ಮಾತು ಬಂದಾಗ ಹೊರಗುಳಿದವರು

ಮೂಕಿ ಚಿತ್ರಗಳ ಕಾಲದಲ್ಲಿ ಕಿವಿ ಕೇಳದವರಿಗೂ ಕೇಳುವವರಿಗೂ ಟಿಕೆಟ್ಟಿನ ಬೆಲೆ ಒಂದೇ, ಸಿಗುತ್ತಿದ್ದ ಕಥೆಯೂ ಒಂದೇ. ದೃಶ್ಯಗಳ ನಡುವೆ ತೆರೆಯ ಮೇಲೆ ಬರಹ ಮೂಡುತ್ತಿತ್ತು, ಓದು ಬಂದವರೆಲ್ಲ ಅದನ್ನೇ ಓದಿಕೊಳ್ಳುತ್ತಿದ್ದರು. 1927ರಲ್ಲಿ ಅಮೆರಿಕದಲ್ಲಿ ಟಾಕಿ, ಅಂದರೆ ಮಾತಿನ ಚಿತ್ರ, ಬಂತು. 1931ರಲ್ಲಿ ಭಾರತದ ಮೊದಲ ಟಾಕಿ ‘ಆಲಂ ಆರಾ’, 1934ರಲ್ಲಿ ಕನ್ನಡದ ‘ಸತಿ ಸುಲೋಚನ’. ಜನ ಮುಗಿಬಿದ್ದು ನೋಡಿದರು. ಬರಹ ಸದ್ದಿಲ್ಲದೆ ಮಾಯವಾಯಿತು.

ಎಮರ್ಸನ್ ರೊಮೆರೊ ಎಂಬ ಕಿವುಡ ನಟರೊಬ್ಬರಿದ್ದರು. ಅಮೆರಿಕದ ಮೂಕಿ ಹಾಸ್ಯಚಿತ್ರಗಳಲ್ಲಿ ಟಾಮಿ ಆಲ್ಬರ್ಟ್ ಎಂಬ ಹೆಸರಿನಲ್ಲಿ ನಟಿಸುತ್ತಿದ್ದರು. ಟಾಕಿ ಬಂದ ಮೇಲೆ ಆ ಕೆಲಸ ಹೋಯಿತು. 1947ರಲ್ಲಿ ಅವರು ಹಳೇ ರೀಲುಗಳನ್ನು ಕೊಂಡರು. ಅಲ್ಲಲ್ಲಿ ಕತ್ತರಿಸಿ, ಸಂಭಾಷಣೆ ಬರೆದ ತುಣುಕುಗಳನ್ನು ನಡುವೆ ಅಂಟಿಸಿ, ಕಿವುಡರ ಶಾಲೆ, ಕ್ಲಬ್ಬುಗಳಿಗೆ ಬಾಡಿಗೆಗೆ ಕೊಡತೊಡಗಿದರು. ಸಿನಿಮಾ ಉದ್ದವಾಗುತ್ತಿತ್ತು, ಧ್ವನಿ ಕೆಡುತ್ತಿತ್ತು. ಕೆಟ್ಟರೆ ನೋಡುವವರಿಗೇನು, ಅಲ್ವಾ? ಆಮೇಲೆ ಚಿತ್ರದ ಮೇಲೆಯೇ ಅಕ್ಷರ ಅಚ್ಚೊತ್ತುವ ವಿಧಾನ ಬಂತು. 1958ರಲ್ಲಿ ಅಮೆರಿಕ ಸರ್ಕಾರ ಕಾನೂನು ಮಾಡಿ, ಇಂಥ ಚಿತ್ರಗಳನ್ನು ಕಿವುಡರಿಗೆ ಒದಗಿಸುವ ಹೊಣೆ ಹೊತ್ತಿತು.

ನಮ್ಮಲ್ಲಿ ದೂರದರ್ಶನ 1987ರಲ್ಲಿ ಕಿವುಡರಿಗಾಗಿ ಭಾನುವಾರದ ವಾರ್ತೆ ಶುರು ಮಾಡಿತು. ಸಿನಿಮಾದ ಗೋಜಿಗೆ ಮಾತ್ರ ಯಾರೂ ಹೋಗಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕ್ಯಾಪ್ಷನ್ (ಮಾತನ್ನೂ ಸದ್ದನ್ನೂ ತೆರೆಯ ಮೇಲೆ ಬರೆದು ತೋರಿಸುವುದು), ಸನ್ನೆ ಭಾಷೆ ಎರಡನ್ನೂ ಹೆಸರಿಸಿತು. ಆದರೂ ಕೋರ್ಟಿಗೆ ಹೋಗಬೇಕಾಯಿತು. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್, ‘ಪಠಾಣ್’ ಚಿತ್ರ ಓಟಿಟಿಗೆ ಬರುವಾಗ ಕ್ಯಾಪ್ಷನ್ ಇರಲೇಬೇಕು ಎಂದಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ವಾರ್ತಾ ಸಚಿವಾಲಯ ಚಿತ್ರಮಂದಿರಗಳಿಗೂ ಮಾರ್ಗಸೂಚಿ ಹೊರಡಿಸಿತು. ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಸರ್ಟಿಫಿಕೇಟ್ ಪಡೆಯುವ ಚಿತ್ರಗಳಿಗೆ ಆರು ತಿಂಗಳು, ಉಳಿದವಕ್ಕೆ ಎರಡು ವರ್ಷ ಗಡುವು. ರೊಮೆರೊ ಕತ್ತರಿ ಹಿಡಿದು ಅಷ್ಟು ಹೊತ್ತಿಗೆ 77 ವರ್ಷ ಆಗಿತ್ತು. ಹಾಗಾಗಿ ತಂತ್ರಜ್ಞಾನ ಇರಲಿಲ್ಲ ಅನ್ನುವ ನೆಪ ನನಗಂತೂ ಒಪ್ಪಿಗೆಯಿಲ್ಲ.

ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ಕನ್ನಡ ಸಿನಿಮಾಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಇರುತ್ತಲ್ಲ ಎಂದು ಕೆಲವರು ಕೇಳಬಹುದು. ಅದು ಕನ್ನಡ ಬಾರದವರಿಗೆ ಮಾಡಿದ್ದು. ನೋಡುವವರಿಗೆ ಕಿವಿ ಕೇಳುತ್ತದೆ ಎಂದುಕೊಂಡೇ ಅದನ್ನು ಬರೆದಿರುತ್ತಾರೆ. ನಾಯಕಿ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಳೆ ಅನ್ನಿ. ಹಿಂದೆ ಬಾಗಿಲು ಕಿರ್ರೆನ್ನುತ್ತದೆ, ಅವಳು ಬೆಚ್ಚಿ ತಿರುಗುತ್ತಾಳೆ. ಸಬ್‌ಟೈಟಲ್ ಆ ಹೊತ್ತಿನಲ್ಲಿ ಖಾಲಿ. ಕಿವುಡ ಪ್ರೇಕ್ಷಕರಿಗೆ ಅವಳು ಸುಮ್ನೆ ತಿರುಗಿದ ಹಾಗೆ ಕಾಣುತ್ತದೆ. ಕ್ಯಾಪ್ಷನ್ ಆದರೆ ‘ಹಿಂದೆ ಬಾಗಿಲು ತೆರೆದ ಸದ್ದು’ ಎಂದು ಬರೆಯುತ್ತದೆ. ತೆರೆಯಲ್ಲಿ ಕಾಣದವರು ಮಾತಾಡಿದರೆ ಯಾರ ದನಿ ಅಂತಲೂ ಹೇಳುತ್ತದೆ.

ಅಷ್ಟಾದರೂ ಎಲ್ಲರಿಗೂ ಸಾಲದು. ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಜನಕ್ಕೆ ಸನ್ನೆಯೇ ಮೊದಲ ಭಾಷೆ. ಬರಹದ ಕನ್ನಡವನ್ನು ಅವರು ಶಾಲೆಯಲ್ಲಿ ಕಷ್ಟಪಟ್ಟು ಕಲಿತಿರುತ್ತಾರೆ. ಎರಡು ಸೆಕೆಂಡಿನಲ್ಲಿ ಓಡಿಹೋಗುವ ಸಾಲು ಅವರ ಕೈಗೆ ಸಿಗುವುದಿಲ್ಲ. ಅಂಥವರಿಗೆ ತೆರೆಯ ಮೂಲೆಯಲ್ಲಿ ಸನ್ನೆ ಮಾಡುವವರೊಬ್ಬರು ಬೇಕು. ಖರ್ಚು ಜಾಸ್ತಿ ಎನ್ನುವ ನಿರ್ಮಾಪಕರು ಇದನ್ನೊಂದು ಗಮನಿಸಬೇಕು. ಭಾರತೀಯ ಸನ್ನೆ ಭಾಷೆ ಕನ್ನಡದ್ದೂ ಅಲ್ಲ, ಹಿಂದಿಯದ್ದೂ ಅಲ್ಲ. ಅದಕ್ಕೆ ಅದರದೇ ವ್ಯಾಕರಣ. ಊರಿಂದೂರಿಗೆ ಕೆಲವು ಸನ್ನೆ ಬೇರೆಯಾದರೂ ದೇಶದ ತುಂಬ ಹೆಚ್ಚುಕಡಿಮೆ ಒಂದೇ. ಐದು ಭಾಷೆಗೆ ಡಬ್ ಮಾಡಿದ ಸಿನಿಮಾಕ್ಕೂ ಸನ್ನೆಯನ್ನು ಒಂದು ಸಲ ಚಿತ್ರೀಕರಿಸಿದರೆ ಸಾಕು.